ಹುಣಸೆಮರದಿಂದ ಇಪ್ಪತ್ತೊಂಬತ್ತು ಪಾದ

"ಇಳಿಸ್ಬ್ಯಾಡ ಕಣ್ಲಾ, ಅಲ್ಲೇ ನಿಲ್ಸು."

ಊರ ಹಿರಿಯ ಪುಟ್ಟಮಲ್ಲಪ್ಪ ಕೈ ಅಡ್ಡ ಹಿಡಿದಾಗ ಮಹದೇವನ ಮಿನಿ ಹಿಟಾಚಿ ಟ್ರೇಲರಿನಿಂದ ಅರ್ಧ ಇಳಿದಿತ್ತು. ಎರಡು ಹಲಗೆಗಳ ಮೇಲೆ ಮೂತಿ ತಗ್ಗಿಸಿ ನಿಂತ ಯಂತ್ರ ಗುಡುಗುಡು ನಡುಗುತ್ತಿತ್ತು. ಮಹದೇವ ಎಂಜಿನ್ ಆರಿಸದೆ ಕೂತಲ್ಲಿಂದಲೇ ಕೂಗಿ ಹೇಳಿದ.

"ಹಾರೆ ಹಾಕುದ್ರ ಹಾರೆನೇ ವಾಪಸ್ ಎಗರ್ತದ ದೊಡ್ಡಪ್ಪ. ಕೈಲಿ ಅಗೆದ್ರ ನಾಳೆ ಸಂಜ ಆಯ್ತದ."

"ನೆಲ ಗಟ್ಟಿ ಅನ್ನೋದು ನಂಗೂ ಗೊತ್ತು. ಈ ಹೊಲ್ದಲ್ಲಿ ನಿಮ್ಮಜ್ಜ ಎಲ್ಲವ್ನೆ, ನಿಮ್ಮಜ್ಜಿ ಎಲ್ಲವ್ಳೆ, ಅದ ಯೇಳು ಮೊದ್ಲು. ಕಲ್ಲಿಲ್ಲ, ಗುರ್ತಿಲ್ಲ. ಇದ್ರ ಬಾಯಿ ಹಾಕ್ಬುಟ್ಟು ಅವ್ರನ್ನ ಎತ್ಬುಟ್ರೆ? ಗುರುಮಲ್ಲಯ್ಯನ ಹೊಲ್ದಲ್ಲಿ ಆಗಿದ್ದು ಸಾಕಾಗ್ಲಿಲ್ವಾ?"

ಹುಣಸೆಮರದ ನೆರಳಲ್ಲಿ ಗುದ್ದಲಿ ಊರಿಕೊಂಡು ಕೂತಿದ್ದ ಮೂವರಲ್ಲಿ ಒಬ್ಬ ಬೀಡಿಯ ಬೂದಿ ಕೊಡವಿ ಅಂದ: "ಜಾಗ ಗೊತ್ತಿದ್ದೋನು ಅವ್ನೊಬ್ನೇ. ಅವ್ನಿಗೂ ಕೊನೆಕೊನೆಗ ಮರ್ತೋಗಿತ್ತಲ್ಲ, ಬುಡು."

ಮಿಕ್ಕವರು ನಕ್ಕೂ ನಗದಂತೆ ನೆಲ ನೋಡಿದರು. ಮಹದೇವನ ಕಿವಿ ಕಾದವು. ಎಂಜಿನ್ ಆರಿಸಿದ.

ಜಾಗ ಗೊತ್ತಿದ್ದವನೆಂದರೆ ಚಿಕ್ಕಮಲ್ಲಪ್ಪ, ಮಹದೇವನ ಸೋದರಮಾವ. ನಿನ್ನೆ ಸಂಜೆ ಹಸುವಿಗೆ ನೀರಿಟ್ಟು ಜಗಲಿ ಮೇಲೆ ಬಂದು ಕೂತವನು ಕೂತಂತೆಯೇ ಹೋಗಿಬಿಟ್ಟಿದ್ದ. ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ನಡುವಿನ ಆ ಊರಿನಲ್ಲಿ ಅವರ ಜನ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಸತ್ತವನ ಪಾದದಿಂದಲೇ ಗುಂಡಿಯ ಅಳತೆ; ಗುಂಡಿಯ ಪಕ್ಕದ ಗೋಡೆಯಲ್ಲಿ ಒಂದು ಗೂಡು ಕೊರೆದು ಅದರೊಳಗೆ ಕೂರಿಸಬೇಕು. ಮೂವತ್ತು ವರ್ಷ ಆ ಗೂಡುಗಳನ್ನೆಲ್ಲ ಕೊರೆದವನು ಚಿಕ್ಕಮಲ್ಲಪ್ಪ. ಯಾರ ಹೊಲದಲ್ಲಿ ಯಾರು ಎಲ್ಲಿ ಕೂತಿದ್ದಾರೆ ಎನ್ನುವುದು ಅವನ ಬಾಯಲ್ಲಿ ಮಗ್ಗಿಯ ಹಾಗಿತ್ತು. ಬದುವಿನಿಂದ ಇಷ್ಟು ಪಾದ, ಬಾವಿಯಿಂದ ಇಷ್ಟು ಪಾದ. ಆದರೆ ಎರಡು ವರ್ಷದಿಂದ ಯಾರೂ ಅವನನ್ನು ಗುಂಡಿ ತೆಗೆಯಲು ಕರೆದಿರಲಿಲ್ಲ.

"ನಂಗೊತ್ತು ಜಾಗ," ಎಂದ ಮಹದೇವ ಕೆಳಗಿಳಿದು. "ಮಾವ ಯೇಳಿದ್ರು. ಈ ಮರ್ದಿಂದ ಹನ್ನೊಂದು ಪಾದ ಅಜ್ಜ. ಅಲ್ಲಿಂದ ಒಂಬತ್ತು ಅಜ್ಜಿ. ಅಲ್ಲಿಂದ ಇನ್ನೊಂಬತ್ತು ಅವ್ರಿಗ."

"ಯಾರ ಪಾದ್ದಲ್ಲಿ?"

"ಅವ್ರದ್ರಲ್ಲೇ."

ಪುಟ್ಟಮಲ್ಲಪ್ಪ ಅವನನ್ನೇ ನೋಡಿದ. "ಹಂಗಾರ ಓಗಿ ಅಳ್ಕೊಂಡು ಬಾ. ಎಂಗೂ ಗುಂಡಿಗೂ ಬೇಕು. ನಿಮ್ಮಾವನ ಲೆಕ್ಕ ಎಷ್ಟು ಸರಿಯಿತ್ತು ಅನ್ನೋದು ಇವತ್ತೊಂದಿನ ಗೊತ್ತಾಗ್ಬುಡ್ಲಿ."

*

ಆ ಯಂತ್ರವನ್ನು ಆಯ್ದುಕೊಟ್ಟದ್ದೂ ಮಾವನೇ. ಮೂರು ವರ್ಷದ ಹಿಂದೆ, ಮೈಸೂರಿನ ಹೊರವಲಯದ ಒಂದು ಯಾರ್ಡಿನಲ್ಲಿ. ಮಹದೇವನ ಕಣ್ಣೆಲ್ಲ ದೊಡ್ಡ ಗಾಡಿಯ ಮೇಲಿತ್ತು. ಹೈವೇ ಕೆಲಸ ಹಿಡಿಯಬಹುದು, ಊರಲ್ಲಿ ತಲೆಯೆತ್ತಿ ಓಡಾಡಬಹುದು. ಚಿಕ್ಕಮಲ್ಲಪ್ಪ ಮಾತ್ರ ಜೇಬಿನಿಂದ ಗಂಟು ಹಾಕಿದ ದಾರ ತೆಗೆದು ಒಂದೊಂದು ಯಂತ್ರದ ಅಗಲಕ್ಕೂ ಹಿಡಿದು ನೋಡುತ್ತ ಬಂದ.

"ಏನ್ ಯಜಮಾನ್ರೇ, ಬಟ್ಟೆ ಹೊಲಿಸ್ತೀರಾ ಅದಕ್ಕೆ?" ಎಂದ ಸೇಲ್ಸಿನ ಹುಡುಗ.

"ಇದು ನಮ್ಮೂರ ಮಿಲ್ಲಿನ ಓಣಿ ಕಣಪ್ಪ. ಈ ಗಂಟು ಪುಟ್ಟಮಲ್ಲಪ್ಪನ ಹಿತ್ಲು ಬಾಗ್ಲು. ಇದ್ರೊಳಕ್ಕ ನುಗ್ಗದೆ ಇರೋದು ನಮ್ಗ್ಯಾಕ?"

ಆಮೇಲೆ ಯಂತ್ರದ ಹಿಂದೆ ಕೋಲೊಂದು ನೆಟ್ಟು, "ಎಲ್ಲಿ, ಸುತ್ತ ತಿರುಗ್ಸಿ" ಎಂದ. ಮೊದಲನೆಯದು ತಿರುಗುವಾಗ ಅದರ ಬೆನ್ನು ಹೊರಕ್ಕೆ ಬಂದು ಕೋಲನ್ನು ಕೆಡವಿತು. ಎರಡನೆಯದೂ ಕೆಡವಿತು. ಮೂರನೆಯದು, ಇದ್ದದ್ದರಲ್ಲೆಲ್ಲ ಸಣ್ಣದು, ಕೋಲನ್ನು ಮುಟ್ಟದೆ ಒಂದು ಸುತ್ತು ಬಂತು.

"ಇದು ಬೆನ್ನು ಮಡ್ಚ್ಕೊಂಡು ತಿರುಗ್ತದ. ಪಕ್ಕದ್ಮನೆ ಗೋಡೆ ಉಳೀತದ. ರಬ್ಬರ್ ಪಟ್ಟಿ ಬ್ಯಾರೆ, ಸಿಮೆಂಟ್ ರೋಡು ಕಿತ್ತೋಗಲ್ಲ."

"ಮಾವ, ಇದು ಆಟದ ಸಾಮಾನಿದ್ದಂಗದ."

"ಇರ್ಲಿ ಕಣ್ಲಾ. ನಮ್ಮೋರ ಕೆಲ್ಸ ಇರೋದೇ ಸಂದಿಗೊಂದಿಲಿ. ಹಿತ್ಲಲ್ಲಿ ಕಕ್ಕಸ್ ಗುಂಡಿ, ಈರುಳ್ಳಿ ಹೊಲಕ್ಕ ಪೈಪು. ದೊಡ್ಡ ಗಾಡಿ ತಕ್ಕೊಂಡು ಎರಡು ಬದು ಒಡೆದ್ರ ಮೂರ್ನೇ ಮನೆಯೋನು ಕರ್ಯಲ್ಲ ನಿನ್ನ."

ಮುಖ ಊದಿಸಿಕೊಂಡೇ ಮಹದೇವ ಅದನ್ನು ತಂದ. 'ಹಿಟಾಚಿ ಮರಿ ಹಾಕ್ಬುಟ್ಟದಂತೆ' ಎಂದು ಊರು ನಕ್ಕಿತು. ಆದರೆ ಆರು ತಿಂಗಳಲ್ಲಿ ಮಾವ ಹೇಳಿದ್ದೇ ಆಯಿತು. ಹರದನಹಳ್ಳಿಯಿಂದಲೂ ಕರೆ ಬರತೊಡಗಿತು. ಮಾವ ಸುಣ್ಣದ ಪುಡಿಯ ಡಬ್ಬ ಹಿಡಿದು ಗೆರೆ ಎಳೆಯುತ್ತ ಮುಂದೆ ಮುಂದೆ. ಮಹದೇವ ಗೆರೆಯ ಮೇಲೆ ಬಕೆಟ್ಟು ಇಡುತ್ತ ಹಿಂದೆ ಹಿಂದೆ.

*

ಚಿಕ್ಕಮಲ್ಲಪ್ಪನನ್ನು ನಡುಮನೆಯ ಗೋಡೆಗೆ ಒರಗಿಸಿ, ಎದೆಗೆ ಪಂಚೆ ಕಟ್ಟಿ, ಹಣೆ ತುಂಬ ವಿಭೂತಿ ಬಳಿದು ಕೂರಿಸಿದ್ದರು. ಪಕ್ಕದಲ್ಲಿ ಹೆಂಡತಿ ಪುಟ್ಟಮಲ್ಲಮ್ಮ, ಅವಳ ತೋಳು ಹಿಡಿದು ಮಗಳು ನಯನಾ. ಬಿಲ್ವಪತ್ರೆ ಬಿಡಿಸುತ್ತಿದ್ದ ಅಯ್ಯನವರು ಗುರುಪಾದಸ್ವಾಮಿ ತಲೆಯೆತ್ತಿದರು.

"ಏನಪ್ಪ, ಗುಂಡಿ ಆಯ್ತಾ?"

"ಇಲ್ಲ ಬುದ್ದಿ. ಪಾದ ಅಳ್ಕೊಂಡು ಓಗಾಕ ಬಂದೆ."

ಒಳಗೆ ಬರುವಾಗ ಮಹದೇವ ಒಬ್ಬರನ್ನು ದಾಟಿ ಬಂದಿದ್ದ. ಗುರುಮಲ್ಲಯ್ಯ ಜಗಲಿಯ ಮೂಲೆಯಲ್ಲಿ ಕೂತಿದ್ದ. ಎರಡು ವರ್ಷದಿಂದ ಈ ಮನೆ ಮೆಟ್ಟಿಲು ಹತ್ತದವನು ಸಾವಿಗೆಂದು ಬಂದಿದ್ದ. ಹೊಸ್ತಿಲು ಮಾತ್ರ ದಾಟಿರಲಿಲ್ಲ.

ನಯನಾ ಗೂಟದಿಂದ ಮಾವನ ದಾರವನ್ನು ತೆಗೆದುಕೊಟ್ಟಳು. "ಬಾವ, ಜಾಗ ಸರಿಯಾಗಿ ನೋಡಿ. ಅಪ್ಪನ ಹೆಸ್ರು ಇನ್ನೊಂದ್ಸಲ ಊರ ಬಾಯಿಗ್ ಬರೋದು ಬ್ಯಾಡ."

ಮಹದೇವ ಮಂಡಿಯೂರಿದ. ಪಾದ ತಣ್ಣಗಿತ್ತು. ಹಿಮ್ಮಡಿಯ ಬಿರುಕುಗಳಲ್ಲಿ, ಎಷ್ಟು ತೊಳೆದರೂ ಹೋಗದ ಕೆಂಪು ಮಣ್ಣು. ಹಿಮ್ಮಡಿಗೆ ದಾರದ ತುದಿ ಒತ್ತಿ ಹೆಬ್ಬೆರಳಿನತನಕ ಎಳೆದ. ಅಲ್ಲೊಂದು ಹೊಸ ಗಂಟು ಹಾಕಿದ.

*

ಎರಡು ವರ್ಷದ ಹಿಂದೆ, ಅವತ್ತು ಗುರುಮಲ್ಲಯ್ಯನ ಹೊಲದಲ್ಲಿ ಪೈಪಿನ ಕಾಲುವೆ. ಲಂಟಾನ ಬೆಳೆದ ಮೂಲೆಗೆ ಬಂದಾಗ ಮಾವ ಗೆರೆಯನ್ನು ಬಾಗಿಸಿದ್ದ. "ಇಲ್ಲಿ ಗುರುಮಲ್ಲಯ್ಯನ ಅಪ್ಪ ಅವ್ರೆ. ನಾನೇ ಕೂರ್ಸಿದ್ದು. ಬಳಸ್ಕೊಂಡು ಬಾ," ಎಂದು ಹೇಳಿ, ಬುತ್ತಿ ತರಲು ಮನೆಗೆ ಹೋದ. ಮಹದೇವನಿಗೆ ಮಧ್ಯಾಹ್ನದೊಳಗೆ ಇನ್ನೊಂದು ಕಡೆ ಹೋಗಬೇಕಿತ್ತು. ಬಾಗಿ ಹೋದರೆ ಎರಡು ಕಡೆ ಪೈಪು ಮುರಿದು ಜೋಡಿಸಬೇಕು. ನೇರ ಹೋದರೆ ಹತ್ತು ನಿಮಿಷದ ಕೆಲಸ. ಕಲ್ಲಿಲ್ಲ, ದಿಬ್ಬವಿಲ್ಲ. ಮಾವ ಒಂದಷ್ಟು ಜಾಗ ಹೆಚ್ಚಿಗೇ ಬಿಟ್ಟಿರುತ್ತಾನೆ ಎಂದುಕೊಂಡು ನೇರಕ್ಕೆ ನಡೆಸಿದ.

ಐದನೆಯ ಬಕೆಟ್ಟಿನಲ್ಲಿ ಮಣ್ಣು ಬೆಳ್ಳಗೆ ಬಂತು. ವಿಭೂತಿ. ಅದರ ನಡುವೆ ಕಪ್ಪಾದ ಬೆಳ್ಳಿಯ ಕರಡಿಗೆ, ಸತ್ತವನ ಕೊರಳಲ್ಲೇ ಬಿಟ್ಟಿದ್ದ ಲಿಂಗದ ಭರಣಿ.

ಹೊಲದ ತುಂಬ ಜನ ಸೇರಿದರು. ಗುರುಮಲ್ಲಯ್ಯ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದ್ದು ಒಂದೇ. "ಗೆರೆ ಹಾಕ್ದೋರ್ಯಾರು?"

ಬುತ್ತಿ ಹಿಡಿದು ಓಡಿಬಂದ ಮಾವ ಅಲ್ಲೇ ನಿಂತಿದ್ದ. ಅವನು ಎಳೆದ ಬಾಗುಗೆರೆಯ ಮೇಲೆ ಯಂತ್ರದ ಪಟ್ಟಿ ಎರಡು ಸಲ ಹೊರಳಿ ಬಿಳುಪೆಲ್ಲ ಮಣ್ಣಾಗಿತ್ತು.

"ಗೆರೆ ಮಾವಂದು," ಎಂದಿದ್ದ ಮಹದೇವ.

ಅದು ಸುಳ್ಳೂ ಅಲ್ಲ. ಎರಡು ವರ್ಷ ಆ ಮಾತನ್ನು ಹಿಡಿದುಕೊಂಡೇ ಅವನು ನಿದ್ದೆ ಮಾಡಿದ್ದ. ಮಾವ ಅಳಿಸಿಹೋದ ಗೆರೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಟವಲು ಸೊಂಟಕ್ಕೆ ಸುತ್ತಿ ಗುರುಮಲ್ಲಯ್ಯನ ಮುಂದೆ ಕೈ ಮುಗಿದ. "ಕಣ್ಣು ಮಬ್ಬಾಗವ ಗುರುಮಲ್ಲ. ತಪ್ಪಾಯ್ತು."

"ಕೂರ್ಸ್ದೋನ್ಗೇ ಗೊತ್ತಿಲ್ದ ಮ್ಯಾಲ ಇನ್ಯಾರ್ಗ ಗೊತ್ತಿರ್ತದ?" ಎಂದ ಗುರುಮಲ್ಲಯ್ಯ. "ಇನ್ ಮ್ಯಾಕ ನಿನ್ ಕೈ ಈ ಊರಲ್ಲಿ ಯಾರ ಗುಂಡಿಗೂ ಬ್ಯಾಡ."

ಊರು ಆ ಮಾತನ್ನು ಉಳಿಸಿಕೊಂಡಿತು. ಯಂತ್ರಕ್ಕೆ ಮಾತ್ರ ಕೆಲಸ ನಿಲ್ಲಲಿಲ್ಲ.

*

"ಆಯ್ತೇನಪ್ಪ ಅಳತೆ?" ಗುರುಪಾದಸ್ವಾಮಿ ಕೇಳಿದರು. ಮಹದೇವ ಪಾದವನ್ನು ಬಿಟ್ಟಿರಲಿಲ್ಲ.

"ಗೆರೆ ಸರಿಯಾಗೇ ಇತ್ತು ಬುದ್ದಿ."

"ಯಾವ ಗೆರೆ?"

ಅವನು ಬಾಗಿಲ ಕಡೆ ತಿರುಗಿದ. "ಗುರುಮಲ್ಲಣ್ಣ. ಅವತ್ತು ಗೆರೆ ನಿಮ್ಮಪ್ಪನ್ನ ಬಳಸ್ಕೊಂಡೇ ಓಗಿತ್ತು. ಮಾವ ಬಾಯ್ಬುಟ್ಟೂ ಯೇಳಿದ್ರು. ನಾನೇ ನೇರಕ್ಕ ಓಡಿಸ್ಬುಟ್ಟೆ."

ಬಿಲ್ವಪತ್ರೆ ಬಿಡಿಸುತ್ತಿದ್ದ ಕೈ ನಿಂತಿತು. ಜಗಲಿಯಲ್ಲಿ ಗುರುಮಲ್ಲಯ್ಯ ಎದ್ದು ನಿಂತದ್ದು ಕಾಣಿಸಿತು. ಹೊಡೆಯಲು ಬರುತ್ತಾನೆ ಎಂದುಕೊಂಡ ಮಹದೇವ. ಬರಲಿ ಎಂದೂ ಅಂದುಕೊಂಡ. ಗುರುಮಲ್ಲಯ್ಯ ಹೊಸ್ತಿಲಲ್ಲೇ ನಿಂತು, ಹೆಣದ ಮುಖ ನೋಡುತ್ತ ಕೇಳಿದ.

"ಇದ ಈಗ ಯಾರ್ಗ ಯೇಳ್ತಿದ್ದಿಯಲಾ?"

ಮಹದೇವ ಅತ್ತೆಯ ಕಡೆ ತಿರುಗಿದ. ಪುಟ್ಟಮಲ್ಲಮ್ಮ ಗಂಡನ ಮಡಿಲಿನ ಹೂವು ಸರಿಮಾಡುತ್ತಿದ್ದಳು.

"ನಂಗ ಅವತ್ತೇ ಗೊತ್ತು ಕಣಪ್ಪ," ಎಂದಳು. "ಅವ್ನೇ ಬಂದು ಯೇಳ್ತಾನ, ನೀನು ಬಾಯಿ ಬುಡ್ಬ್ಯಾಡ ಅಂದ್ರು. ಸಂಜ ಆದ್ರ ಜಗಲಿ ಮ್ಯಾಲ ಬಂದು ಕುಂತ್ಕೊಳೋರು. ನಿನ್ನ ಗಾಡಿ ಸದ್ದು ಕೇಳುದ್ರ, ಮಾದೇವ ಬಂದ, ಕಾಫಿಗಿಡು ಅನ್ನೋರು. ನೀನು ಅತ್ಲಾಗಿಂದ್ಲೇ ಓಯ್ತಿದ್ದೆ."

ಹೂವಿನ ದಳವೊಂದು ಬಿದ್ದಿತ್ತು. ಅದನ್ನು ಎತ್ತಿ ಮತ್ತೆ ಮಡಿಲಿಗಿಟ್ಟಳು.

"ನಿನ್ನೆನೂವೆ ಕಾಫಿಗಿಡು ಅಂದ್ರು."

ನಯನಾ ಅವನನ್ನು ನೋಡಲಿಲ್ಲ. "ಹೊತ್ತಾಯ್ತದ, ಓಗಿ," ಎಂದಳು. ಬಾವ ಎನ್ನಲಿಲ್ಲ.

*

ಹುಣಸೆಯ ಬುಡದಿಂದ ಮಹದೇವ ದಾರ ಹಾಸುತ್ತ ಹೋದ. ಹನ್ನೊಂದು. ಒಂಬತ್ತು. ಇನ್ನೊಂಬತ್ತು. ಮಾವನ ಡಬ್ಬದಿಂದಲೇ ಸುಣ್ಣ ತೆಗೆದು ಗೆರೆ ಎಳೆದ. ಅಜ್ಜ ಅಜ್ಜಿಯ ಸುತ್ತಲೂ ಎಳೆದ. ಕಿರಿದಾದ ಬಕೆಟ್ಟು ಸಿಕ್ಕಿಸಿ, ಗೆರೆಯಾಚೆಗೆ ಯಂತ್ರ ನಿಲ್ಲಿಸಿಕೊಂಡು ಅಗೆದ. ಒಂದೊಂದು ಬಕೆಟ್ಟು ಮೇಲೆ ಬಂದಾಗಲೂ ಪುಟ್ಟಮಲ್ಲಪ್ಪ ಬಗ್ಗಿ ಮಣ್ಣಿನ ಬಣ್ಣ ನೋಡುತ್ತಿದ್ದ. ಕೆಂಪೇ ಬಂತು, ಕೊನೆಯತನಕ.

ಗೂಡಿನ ಕೆಲಸ ಯಂತ್ರದ್ದಲ್ಲ. ಗುದ್ದಲಿ, ಹಾರೆ ಹಿಡಿದು ಮಹದೇವನೇ ಇಳಿದ. ಹುಡುಗನಾಗಿದ್ದಾಗ ಮಾವನ ಜೊತೆ ಬುಟ್ಟಿ ಹೊತ್ತು ನೋಡಿದ್ದನ್ನೇ ನೆನೆದು ಕೊರೆಯುತ್ತಿದ್ದ. ಅಂಗೈ ಬೊಬ್ಬೆ ಎದ್ದು ಒಡೆಯಿತು. ಬುಟ್ಟಿ ತುಂಬಿಸಿ ಮೇಲೆತ್ತಿದಾಗ ಒಂದು ಕೈ ಅದನ್ನು ತೆಗೆದುಕೊಂಡಿತು. ತಲೆಯೆತ್ತಿ ನೋಡಿದರೆ ಗುರುಮಲ್ಲಯ್ಯ. ಮಣ್ಣು ಸುರಿದು ಖಾಲಿ ಬುಟ್ಟಿ ಕೆಳಗಿಳಿಸಿದ.

ಗೂಡು ಮುಗಿಯುವ ಹೊತ್ತಿಗೆ ಅಜ್ಜಿಯ ಕಡೆಯ ಗೋಡೆಯಲ್ಲಿ ಒಂದು ಹೆಂಟೆ ಉದುರಿತು. ಅದರ ಹಿಂದೆ ಬೆರಳಗಲದ ಬಿಳಿಯ ಎಳೆ ಕಾಣಿಸಿತು. ವಿಭೂತಿ. ಗುದ್ದಲಿ ಇನ್ನೊಂದು ಗೇಣು ಆಚೆಗಿದ್ದಿದ್ದರೆ ಅಜ್ಜಿಯನ್ನೇ ಮುಟ್ಟುತ್ತಿತ್ತು.

"ಅಲ್ಲೇ ನಿಲ್ಸು," ಎಂದ ಪುಟ್ಟಮಲ್ಲಪ್ಪ ಮೇಲಿನಿಂದ. ಬಗ್ಗಿ ಆ ಬಿಳಿ ಎಳೆ ನೋಡಿ, ಯಾರಿಗೂ ಅಲ್ಲವೆಂಬಂತೆ, "ಚಿಕ್ಕಮಲ್ಲಪ್ಪ ಸರಿಯಾಗೇ ಜಾಗ ಬುಟ್ಟವ್ನೆ ಕಣ," ಎಂದ.

ಮೂರು ಗಂಟೆಗೆ ಚಿಕ್ಕಮಲ್ಲಪ್ಪನನ್ನು ತಂದು, ಗೂಡಿನಲ್ಲಿ ಕೂರಿಸಿ, ವಿಭೂತಿಗಟ್ಟಿ, ಪತ್ರೆ ತುಂಬಿದರು. ಗುರುಪಾದಸ್ವಾಮಿ ಮಂತ್ರ ಹೇಳಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಮಿಕ್ಕ ಮಣ್ಣನ್ನು ಯಂತ್ರದಲ್ಲಿ ತಳ್ಳಬಹುದಿತ್ತು. ಮಹದೇವ ಸಲಿಕೆಯಲ್ಲೇ ಎಳೆದ.

ಜನ ಕರಗಿದರು. ಯಂತ್ರವನ್ನು ಟ್ರೇಲರಿಗೆ ಹತ್ತಿಸಲೆಂದು ಹಲಗೆ ಜೋಡಿಸಿ ತಿರುಗಿದಾಗ, ಹುಣಸೆಮರದ ಹತ್ತಿರ ಗುರುಮಲ್ಲಯ್ಯ ಒಬ್ಬನೇ ಉಳಿದಿದ್ದ. ಚಪ್ಪಲಿ ಬದಿಗೆ ಬಿಟ್ಟು, ಮರದ ಬುಡಕ್ಕೆ ಹಿಮ್ಮಡಿ ತಾಗಿಸಿ ಹೊರಟು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಡುತ್ತ, ತುಟಿಯಲ್ಲೇ ಎಣಿಸುತ್ತ ಬರುತ್ತಿದ್ದ. ಇಪ್ಪತ್ತೊಂಬತ್ತಕ್ಕೆ ನಿಂತ. ಅವನ ಪಾದ ಸಣ್ಣದು. ಗುಡ್ಡೆ ಇನ್ನೂ ಎರಡು ಮೊಳ ಮುಂದಿತ್ತು. ಮತ್ತೆ ಮರದ ಬುಡಕ್ಕೆ ಹೋಗಿ, ಮಹದೇವನ ಕಡೆ ನೋಡದೆಯೇ ಕೈ ಚಾಚಿದ.

ಮಹದೇವ ಓಡಿಹೋಗಿ ದಾರ ಕೊಟ್ಟ.

ಗುರುಮಲ್ಲಯ್ಯ ಕುಕ್ಕರುಗಾಲಲ್ಲಿ ಕೂತು, ದಾರದ ತುದಿಯನ್ನು ಬೇರಿಗೆ ಒತ್ತಿ ಹಿಡಿದು, ಚಿಕ್ಕಮಲ್ಲಪ್ಪನ ಪಾದದ ಗಂಟಿನತನಕ ನೆಲದ ಮೇಲೆ ಎಳೆದ. "ಒಂದು," ಎಂದ ಗಟ್ಟಿಯಾಗಿ.