ಮುಕ್ಕಾಲು ಮೇಷ್ಟ್ರು

ನಮ್ಮ ಮೇಷ್ಟ್ರ ಬಾಯಿಂದ 'ಹೌದು' ಎಂಬ ಒಂಟಿ ಮಾತು ಹೊರಟದ್ದನ್ನು ಕೇಳಿದವರಿಲ್ಲ. ಚಹಾಕ್ಕೆ ಸಕ್ಕರೆ ಸಾಕೇ ಎಂದು ಹೆಂಡತಿ ಕೇಳಿದರೆ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಇನ್ನೊಂದು ಗುಟುಕು ಕುಡಿದು, "ನಾಲ್ಕು ಸಲ ಕೇಳಿದ್ರೆ ಮೂರು ಸಲ ಸಾಕು ಅಂತೀನಿ" ಎನ್ನುತ್ತಿದ್ದರು. ಅಷ್ಟರಲ್ಲಿ ಚಹಾ ಆರಿ ತಣ್ಣಗಾಗಿರುತ್ತಿತ್ತು. ಮನಃಶಾಸ್ತ್ರ ವಿಭಾಗದಲ್ಲಿ ಅವರಿಗೆ ಮುಕ್ಕಾಲು ಮೇಷ್ಟ್ರು ಎಂಬ ಹೆಸರು ಬಿದ್ದದ್ದು ಹೀಗೆ. ಅದು ಅವರ ಕಿವಿಗೂ ಬಿದ್ದಿತ್ತು, ಬೇಸರವಾದಂತೆ ಕಾಣಲಿಲ್ಲ.

ಸಣಕಲು ದೇಹ, ಅದರ ಮೇಲೊಂದು ಕಂದು ಕೋಟು. ಕೋಟಿನ ಬಲಜೇಬಿನಲ್ಲಿ ಸದಾ ಹಿತ್ತಾಳೆಯ ತೂಕದ ಬಟ್ಟುಗಳಿರುತ್ತಿದ್ದುದರಿಂದ ಬಲಭುಜ ಜಗ್ಗಿ, ಮೇಷ್ಟ್ರು ಗೋಡೆಯ ಪಕ್ಕದಲ್ಲಿ ಗೋಡೆಗೇ ಗುಟ್ಟು ಹೇಳುವವರಂತೆ ವಾಲಿಕೊಂಡು ನಡೆಯುತ್ತಿದ್ದರು. ಎದುರು ಸಿಕ್ಕವರ ಎರಡು ಕೈಗೂ ಒಂದೊಂದು ಬಟ್ಟು ಇಟ್ಟು, "ಯಾವುದು ಭಾರ?" ಎಂದು ಕೇಳದೆ ಬಿಡುತ್ತಿರಲಿಲ್ಲ, ಪ್ರಾಂಶುಪಾಲರೂ ಒಮ್ಮೆ ಹೀಗೆ ಸಿಕ್ಕಿಬಿದ್ದು ಸಭೆಗೆ ತಡವಾಗಿ ಹೋದದ್ದುಂಟು. ಬರಿಗೈಗೆ ಒಂದು ಕಿತ್ತಳೆ ಇಟ್ಟರೆ ತಿಳಿಯುತ್ತದೆ, ತುಂಬಿದ ಚೀಲಕ್ಕೆ ಅದನ್ನೇ ಹಾಕಿದರೆ ಹೊತ್ತವನಿಗೆ ತಿಳಿಯುವುದಿಲ್ಲ. ಹಾಗಾದರೆ ಎಷ್ಟು ಹಾಕಿದರೆ ತಿಳಿಯುತ್ತದೆ? ಈ 'ಎಷ್ಟು' ಎಂಬುದರ ಬೆನ್ನು ಹತ್ತಿ ಅವರು ಜೀವಮಾನ ಸವೆಸಿದ್ದರು.

ಅವರ ಮುಖ್ಯ ಕಸುಬು ಮಾತ್ರ ಸದ್ದಿನದು. ದಪ್ಪ ಬಾಗಿಲಿನ ನಿಶ್ಶಬ್ದ ಕೋಣೆಯೊಂದರಲ್ಲಿ ವಿದ್ಯಾರ್ಥಿಗಳಾದ ನಮ್ಮನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಎದುರಿನ ದೀಪವನ್ನು ಎರಡು ಬಾರಿ ಮಿನುಗಿಸುತ್ತಿದ್ದರು. ಒಂದು ಮಿನುಗಿನ ಜೊತೆ ಮಾತ್ರ ಇರುವೆ ನಡೆದಷ್ಟು ಸಣ್ಣ ಸದ್ದು. ಯಾವುದರ ಜೊತೆ ಎಂದು ಗುಂಡಿ ಒತ್ತಿ ಹೇಳಬೇಕು. ಸುಮ್ಮನೆ ಊಹಿಸಿದರೂ ಅರ್ಧದಷ್ಟು ಸರಿಹೋಗುವುದರಿಂದ, ನಾಲ್ಕರಲ್ಲಿ ಮೂರು ಸರಿಯಾದ ಮಟ್ಟವೇ ಕೇಳಿಸುವುದಕ್ಕೂ ಕೇಳಿಸದಿರುವುದಕ್ಕೂ ನಡುವಿನ ಗಡಿ ಎಂದು ಅವರ ಶಾಸ್ತ್ರ ಗೆರೆ ಎಳೆಯುತ್ತದೆ.

ಆ ಗಡಿಯನ್ನು ಎಲ್ಲಿಂದ ಅಳೆಯಬೇಕು? ಅದಕ್ಕೆ ಅವರ ಹೆಂಡತಿ ಇದ್ದರು. ಬೇರೆಯವರ ಕಿವಿ ನೆಗಡಿಗೆ, ನಿದ್ದೆಗೆ, ಜಗಳಕ್ಕೆ ಮಂದವಾಗುತ್ತಿತ್ತಂತೆ. ಈಕೆಯ ಕಿವಿ ಇಪ್ಪತ್ತಾರು ವರ್ಷ ಕೂದಲೆಳೆಯಷ್ಟೂ ಕದಲಿರಲಿಲ್ಲ. ಪ್ರತಿ ಸೋಮವಾರ ಬೆಳಗ್ಗೆ ಆಕೆ ಕೈಚೀಲದೊಡನೆ ಬಂದು ಕೂತು ಗುಂಡಿ ಒತ್ತಿ ಹೋಗುವರು. ಆಕೆಯ ಗಡಿಯೇ ಆ ವಾರದ ಸೊನ್ನೆ, ಉಳಿದವರ ಕಿವಿಯನ್ನು ಅಳೆಯುವುದು ಅಲ್ಲಿಂದ. "ನನ್ನ ತಾಳಿಗೆ ಇಲ್ಲದ ಮರ್ಯಾದೆ ನನ್ನ ಕಿವಿಗಿದೆ ನೋಡಪ್ಪ" ಎಂದು ಆಕೆ ನನ್ನೊಡನೆ ನಗುತ್ತಿದ್ದರು.

ನಾನು ಅಲ್ಲಿ ಓದುತ್ತಿದ್ದ ಕೊನೆಯ ವರ್ಷ ಆಕೆಯ ಗಡಿ ಮೆಲ್ಲನೆ ಏರತೊಡಗಿತು. ಮೇಷ್ಟ್ರು ಯಂತ್ರವನ್ನು ಶಂಕಿಸಿದರು. ತಂತಿ ಬದಲಾಯಿಸಿದರು, ಹೆಡ್‌ಫೋನ್ ಹೊಸದು ತಂದರು, ಕಡೆಗೆ ಪ್ರತಿ ಸೋಮವಾರವೂ ಆಕೆಗೆ ಕೇಳಿಸುವವರೆಗೆ ಸದ್ದು ಹೆಚ್ಚಿಸಿ ಅದನ್ನೇ ಸೊನ್ನೆ ಎಂದು ಬರೆದರು. ಪಕ್ಕದಲ್ಲಿ 'ಯಂತ್ರದೋಷ' ಎಂಬ ಟಿಪ್ಪಣಿ. ಆಗ ಒಂದು ಸೋಜಿಗ ನಡೆಯಿತು. ತರಗತಿಯ ನಮ್ಮೆಲ್ಲರ ಕಿವಿಗಳೂ ಚುರುಕಾದವು. ಸೊನ್ನೆಗಿಂತ ಕೆಳಗಿನ ಸದ್ದನ್ನೂ ನಾವು ಹಿಡಿಯುತ್ತಿದ್ದೆವು. "ಇಂಥ ತಂಡ ನಾನು ನೋಡೇ ಇಲ್ಲ" ಎಂದು ಅವರು ಬೆನ್ನು ತಟ್ಟಿದರು, ನಾನೂ ಉಬ್ಬಿದೆ. ಎಂಟು ತಿಂಗಳು ಹೀಗೆಯೇ ನಡೆಯಿತು.

ಯಂತ್ರ ರಿಪೇರಿಯವನು ಬಂದದ್ದು ಒಂದು ಸೋಮವಾರವೇ. ತನ್ನ ಮೀಟರು ಹಚ್ಚಿ ನೋಡಿ, "ಸಾರ್, ಇದಕ್ಕೇನೂ ಆಗಿಲ್ಲ. ಸೌಂಡ್ ನೀವೇ ಜಾಸ್ತಿ ಮಾಡ್ಕೊಂಡಿದೀರಿ" ಎಂದ. ಕೋಣೆಯಾಚೆ ಬೆಂಚಿನ ಮೇಲೆ ಹೆಂಡತಿ ಬಟಾಣಿ ಸುಲಿಯುತ್ತ ಕೂತಿದ್ದರು. ಮೇಷ್ಟ್ರು ಆಕೆಯ ಎಡಗಡೆಗೆ ಹೋಗಿ, ನಾವು ಮಾತಾಡುವಷ್ಟೇ ದನಿಯಲ್ಲಿ, "ಮನೆಗೆ ಹೋಗೋಣ್ವಾ?" ಎಂದರು. ಆಕೆ ಬಟಾಣಿ ಸುಲಿಯುತ್ತಲೇ ಇದ್ದರು. ಮತ್ತೆ ಕೇಳಿದರು. ನಾಲ್ಕು ಸಲ ಕೇಳಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯನ್ನು ಔಷಧದಿಂದ ಇದ್ದಷ್ಟಕ್ಕೆ ಉಳಿಸಿಕೊಳ್ಳಬಹುದು, ಆರೇಳು ತಿಂಗಳ ಮೊದಲೇ ಬಂದಿದ್ದರೆ ಎರಡೂ ಉಳಿಯುತ್ತಿದ್ದವು ಎಂದರು ಡಾಕ್ಟರು. ಮೇಷ್ಟ್ರು ಅಳಲಿಲ್ಲ. ಎಂಟು ತಿಂಗಳ ಹಾಳೆಗಳನ್ನೂ ತೆಗೆದು, 'ಯಂತ್ರದೋಷ' ಎಂದಿದ್ದಲ್ಲೆಲ್ಲ ಗೀಟು ಹೊಡೆದು, 'ಅಳೆದವನ ದೋಷ' ಎಂದು ಬರೆದು ಒಂದೊಂದಕ್ಕೂ ರುಜು ಹಾಕಿದರು. ಸುಮ್ಮನೆ ಹರಿದು ಹಾಕಬಹುದಲ್ಲ ಎಂದು ನಾನು ಅಂದದ್ದಕ್ಕೆ, "ತಪ್ಪು ಎಲ್ಲಿ ಆಗಿದೆಯೋ ಅಲ್ಲೇ ಇರ್ಬೇಕು ಕಣಯ್ಯ" ಎಂದರು.

ಕೆಲವು ವಾರಗಳ ಮೇಲೆ ಮನೆಗೆ ಹೋದಾಗ ಆಕೆಯ ಬಲಗಡೆ ಕೂತು, ಸ್ವಲ್ಪ ಜೋರಾಗಿಯೇ ಕೇಳಿದೆ: "ನಿಮಗಾದ್ರೂ ಗೊತ್ತಾಗ್ಲಿಲ್ವಾ ಅಮ್ಮ?"

"ಆಗ್ತಿತ್ತಪ್ಪ. ಕುಕ್ಕರ್ ಕೂಗಿದ್ದು ಕೇಳ್ತಿರ್ಲಿಲ್ಲ, ಬಾಗಿಲು ಬಡಿದಿದ್ದು ಕೇಳ್ತಿರ್ಲಿಲ್ಲ. ಆದ್ರೆ ಸೋಮವಾರ ಬಂತು ಅಂದ್ರೆ ಇವರು, ನಿನ್ನ ಕಿವಿಗೇನೂ ಆಗಿಲ್ಲ, ಯಂತ್ರ ಕೆಟ್ಟಿದೆ ಅಂತಿದ್ರಲ್ಲ. ಅಳೆಯೋರೇ ಹೇಳಿದ್ಮೇಲೆ ಇನ್ನೇನು ಅಂತ ನಂಬ್ಕೊಂಡೆ."

ಅಲ್ಲೇ ಕೂತಿದ್ದ ಮೇಷ್ಟ್ರು ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡರು.

ಅಳತೆಯನ್ನೇ ಬದುಕಾಗಿಸಿಕೊಂಡವರು ಲೋಕದಲ್ಲಿ ಹಲವರಿದ್ದಾರೆ; ಅವರನ್ನು ಒಣಗಿದವರು, ಮಮತೆ ಇಲ್ಲದವರು ಎನ್ನುವುದು ವಾಡಿಕೆ. ನಾನು ಕಂಡದ್ದು ಬೇರೆ. ಎಲ್ಲವನ್ನೂ ಅಳೆಯುವವನಿಗೆ ನಿಂತು ಅಳೆಯಲು ಅಲುಗದ ಒಂದು ನೆಲೆ ಬೇಕು. ತನಗೆ ಅತ್ಯಂತ ಪ್ರಿಯವಾದುದನ್ನೇ ಅವನು ಆ ನೆಲೆಯಾಗಿ ಇಟ್ಟುಕೊಳ್ಳುತ್ತಾನೆ, ಇಟ್ಟುಕೊಂಡ ಮೇಲೆ ಅದರತ್ತ ತಿರುಗಿ ನೋಡುವುದಿಲ್ಲ. ಇಂಥವರ ಪ್ರೀತಿ ಕಡಿಮೆಯೆಂದು ನಾನು ಹೇಳಲಾರೆ. ಆದರೆ ಆ ಪ್ರೀತಿಗೆ ಸಿಕ್ಕವರು, ತಮಗೆ ನೋವಾದಾಗ, ತಾವೇ ಗಟ್ಟಿಯಾಗಿ ಕೂಗಬೇಕು.