ಕೆನೆಬಣ್ಣದ ಮೇಲೆ ಬಿಳಿ

ಆರ್ವೊ ನಿಸ್ಕಲ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿದ್ದ ಮರದ ಮೀನನ್ನು ಕಿಟಕಿಯ ಬೆಳಕಿಗೆ ಹಿಡಿದ. ಹಿಂದೆ ಸಾಲ್ಮನ್ ಮೀನು ಹಿಡಿಯಲು ಗಾಳಕ್ಕೆ ಕಟ್ಟಿ ದೋಣಿಯ ಹಿಂದೆ ಎಳೆದೊಯ್ಯುತ್ತಿದ್ದ ಮೀನು ಅದು. ಅದರ ಹೊಟ್ಟೆಯ ಬಿಳಿ ಬಣ್ಣ ವರ್ಷಗಳು ಕಳೆದಂತೆ ಕೆನೆಬಣ್ಣಕ್ಕೆ ತಿರುಗಿತ್ತು. ಆ ಕೆನೆಬಣ್ಣದ ಮೇಲೆ ಅಲ್ಲಲ್ಲಿ ಸುಣ್ಣ ಮೆತ್ತಿದಂತೆ ಅಚ್ಚ ಬಿಳಿಯ ತೇಪೆಗಳು. ಹಚ್ಚಿದವನು ಅವನೇ. ಕೈ ಬದಲಿಸಿ ಬಲಗಣ್ಣು ಮುಚ್ಚಿ ನೋಡಿದ. ತೇಪೆಗಳು ಮಾಯವಾದವು.

ಬಲಗಣ್ಣಿನ ಪೊರೆ ತೆಗೆದದ್ದು ಹಿಂದಿನ ದಿನ. ಈ ದಿನ ಬೆಳಿಗ್ಗೆ ಡಾಕ್ಟರು ಕಣ್ಣಿನ ಪಟ್ಟಿ ಬಿಚ್ಚಿದ್ದರು. ಕಾರಿನಿಂದ ಇಳಿದವನು ಮನೆಯೊಳಗೂ ಹೋಗದೆ ನೇರ ಹಿತ್ತಲಿನ ಶೆಡ್ಡಿಗೆ ಬಂದಿದ್ದ. ಎಡಗಣ್ಣಿನ ಸರದಿ ಮುಂದಿನ ತಿಂಗಳು.

"ಈ ಧೂಳಿನೊಳಗೆ ಒಂದು ವಾರ ಕಾಲಿಡಬೇಡಿ ಅಂದ್ರಲ್ಲ ಡಾಕ್ಟರು. ಕಿವಿಗೂ ಪೊರೆ ಬಂದಿದ್ಯಾ?" ಹೆಂಡತಿ ಎಲ್ಮಾ ಬಾಗಿಲಲ್ಲಿ ನಿಂತಿದ್ದಳು.

"ಇಲ್ಲಿ ಬಾ. ಇದು ಯಾವ ಬಣ್ಣ?"

"ಬಿಳಿ."

"ಇದು?"

"ಅದೂ ಬಿಳೀನೇ. ನಿಮ್ಮ ಮೀನಿನ ಬಣ್ಣ ನಂಗೇನು ಗೊತ್ತಾಗತ್ತೆ?"

ಅವಳು ಮದುವೆಗೆ ಮುಂಚಿನಿಂದಲೂ ಬಟ್ಟೆ ಅಂಗಡಿಯಲ್ಲಿದ್ದವಳು. ಗಿರಾಕಿ ತಂದ ಬಟ್ಟೆಯ ತುಂಡಿಗೆ ಅದೇ ಬಣ್ಣದ ದಾರ ಹೊಂದಿಸಿ ಕೊಡುವುದೇ ಅವಳ ಕೆಲಸವಾಗಿತ್ತು. ಆರ್ವೊ ಅವಳ ಮುಖ ನೋಡಿದ. ಅವಳು ನೆಲ ನೋಡಿದಳು.

ಹಳೆಯ ಮರದ ಮೀನುಗಳನ್ನು ಕೂಡಿಡುವವರ ಸಂಘ ಅವರ ಊರು ಆಸ್ಟೋರಿಯಾದಲ್ಲಿ ಚಿಕ್ಕದು. ಕಟ್ಟುಪಾಡೂ ಹೆಚ್ಚಿಲ್ಲ. ಸಾಲ್ಮನ್ ಕಚ್ಚಿದ ಹಲ್ಲಿನ ಗೀರನ್ನು ಮುಚ್ಚಬಾರದು. ಬಣ್ಣ ಎದ್ದುಹೋದಲ್ಲಿ ಮಾತ್ರ ಹೊಸದು ಹಚ್ಚಬೇಕು, ಅದು ಹಳೆಯದರೊಳಗೆ ಸೇರಿಹೋಗಬೇಕು. ಹಾಗೆ ಸೇರಿಸಬಲ್ಲ ಕೈ ಆರ್ವೊನದು ಎಂದು ಎಲ್ಲರೂ ಅವನ ಹತ್ತಿರವೇ ತರುತ್ತಿದ್ದರು. ಈಗ ಕೈಯಲ್ಲಿದ್ದದ್ದು ಗೆಳೆಯ ವೆಂಡೆಲ್ ಟಾಫ್ಟ್‌ನ ಅಣ್ಣ ರೇ ಬಳಸುತ್ತಿದ್ದ ಮೀನು. ರೇ ನದಿ ಕಡಲಿಗೆ ಸೇರುವ ಕಡೆ ದೋಣಿ ಮಗುಚಿ ಹೋದವನು. ದೇಹ ಸಿಕ್ಕಿರಲಿಲ್ಲ. ಆರ್ವೊ ಬೇಸಿಗೆಯಿಡೀ ಇದಕ್ಕೇ ಕೂತಿದ್ದ. ಹಲ್ಲಿನ ಗೀರುಗಳ ಸುತ್ತ, ಗಾಯದ ಸುತ್ತ ಹತ್ತಿ ಆಡಿಸುವ ಹಾಗೆ, ಕುಂಚ ಆಡಿಸಿದ್ದ.

ಹೊರಗೆ ವ್ಯಾನು ನಿಂತ ಸದ್ದಾಯಿತು.

"ಏನೋ ಕಡಲ್ಗಳ್ಳ, ಕಣ್ಣಿನ ಪಟ್ಟಿ ಎಲ್ಲಿ? ಹೆಗಲ ಮೇಲೆ ಕೂರಿಸ್ಕೊಳ್ಳೋಕೆ ಒಂದು ಗಿಳಿ ಹುಡುಕ್ತಿದ್ದೆ ನಾನು," ಎನ್ನುತ್ತ ಒಳಬಂದ ವೆಂಡೆಲ್ ಮೀನನ್ನು ಎತ್ತಿ ತಿರುಗಿಸಿದ. "ಅಬ್ಬಾ! ಎಲ್ಲಿ ಹಚ್ಚಿದೀಯ ಅಂತಾನೇ ಗೊತ್ತಾಗಲ್ಲ."

"ಸುಳ್ಳು ಹೇಳ್ಬೇಡ. ನಂಗೀಗ ಕಾಣತ್ತೆ."

ವೆಂಡೆಲ್ ಎಲ್ಮಾಳ ಕಡೆ ನೋಡಿದ.

"ಅವಳನ್ನ ಯಾಕೆ ನೋಡ್ತೀಯ? ಅಣ್ಣನ ನೆನಪಿಗೆ ಅಂತ ನಿನ್ನ ಹತ್ರ ಇದ್ದಿದ್ದೇ ಇದೊಂದು. ಹಾಳು ಮಾಡ್ಬಿಟ್ಟೆ." ಆರ್ವೊ ಬ್ಲೇಡು ತೆಗೆದುಕೊಂಡ. "ಕೆರೆದು ತೆಗೀತೀನಿ. ಹಳೇ ಬಣ್ಣಾನೂ ಜೊತೆಗೇ ಕಿತ್ತು ಬರತ್ತೆ, ಗೊತ್ತು. ಬಂದ್ರೆ ಬರ್ಲಿ. ಈ ಸುಣ್ಣ ಮಾತ್ರ ಅವನ ಮೀನಿನ ಮೇಲೆ ಇರ್ಬಾರ್ದು."

ಮೀನನ್ನು ತನ್ನ ಕಡೆ ಎಳೆದುಕೊಂಡ. ವೆಂಡೆಲ್ ಅವನ ಮಣಿಕಟ್ಟು ಹಿಡಿದುಕೊಂಡ.

"ಬಿಡೋ ಮಾರಾಯ. ಅದು ರೇದಲ್ಲ."

"ಏನು?"

"ರೇದು ಮನೇಲಿದೆ. ಅವನ ಕಾಲುಚೀಲದಲ್ಲಿ ಸುತ್ತಿಟ್ಟಿದೀನಿ. ಇದು ಯಾರೋ ಮನೆ ಖಾಲಿ ಮಾಡ್ತಾ ಅಂಗಳದಲ್ಲಿ ಹರಡಿ ಮಾರ್ತಿದ್ರಲ್ಲ, ಅಲ್ಲಿ ತಗೊಂಡಿದ್ದು."

ಆರ್ವೊ ಬ್ಲೇಡನ್ನು ಮೆಲ್ಲನೆ ಮೇಜಿನ ಮೇಲಿಟ್ಟ.

"ಹಾಗಾದ್ರೆ ಸಂಘದ ಹಾರ್ಲನ್ ತಂದಿದ್ದು? ಅವರಪ್ಪನ ದೋಣೀದು ಅಂದಿದ್ದ."

"ಅವರಪ್ಪ ಸ್ಪೋಕೇನ್‌ನಲ್ಲಿ ಬಸ್ಸು ಓಡಿಸ್ತಿದ್ದ ಕಣೋ. ದೋಣಿ ಎಲ್ಲಿಂದ ಬರ್ಬೇಕು?" ವೆಂಡೆಲ್ ನಗಲು ನೋಡಿದ. ಆಗಲಿಲ್ಲ. "ನಿನ್ನ ಬಣ್ಣ ತಪ್ಪೋಕೆ ಶುರುವಾಗಿ ಎರಡು ಚಳಿಗಾಲ ಆಯ್ತು. ನಿಂಗೆ ಹೇಳೋದು ಯಾರು? ಕುಂಚ ಕೆಳಗಿಟ್ರೆ ನೀನು ಮನುಷ್ಯನಾಗಿ ಉಳಿಯಲ್ಲ ಅಂದ್ಲು ಎಲ್ಮಾ. ಅದಕ್ಕೇ ಎಲ್ರೂ ಮಾತಾಡ್ಕೊಂಡ್ವಿ, ಒಳ್ಳೇವು ಮನೇಲಿರ್ಲಿ, ಗುಜರಿ ಸಾಮಾನು ಇವನ ಹತ್ರ ಬರ್ಲಿ ಅಂತ. ಯಾರಿಗೂ ಏನೂ ನಷ್ಟ ಆಗಿಲ್ಲ. ಸತ್ಯವಾಗ್ಲೂ. ಒಳ್ಳೇದು ಒಂದೂ ಹಾಳಾಗಿಲ್ಲ."

ಆರ್ವೊ ಗೋಡೆಯ ಹಲಗೆಯ ಮೇಲೆ ಸಾಲಾಗಿದ್ದ ಮೀನುಗಳನ್ನು ನೋಡಿದ. ಒಂದೊಂದನ್ನೂ ಕೈಗೆ ಕೊಡುವಾಗ ಅವರು ಹೇಳಿದ್ದ ಕಥೆಗಳು ಅವನಿಗೆ ಇನ್ನೂ ನೆನಪಿದ್ದವು. ಇದು ಅಜ್ಜನದು, ಇದು ಸೋದರಮಾವ ಕೆತ್ತಿದ್ದು, ಇದು ಯುದ್ಧಕ್ಕೆ ಹೋಗುವ ಮುನ್ನಾದಿನ ಎಳೆದದ್ದು. ಅವನು ಕೇಳಿ ತಲೆದೂಗಿದ್ದ, ಕೆಲವಕ್ಕೆ ಕಣ್ಣೂ ಒದ್ದೆ ಮಾಡಿಕೊಂಡಿದ್ದ.

"ಒಂದೂ ಹಾಳಾಗಿಲ್ವಾ?" ಎಂದ.

"ಒಂದೂ ಇಲ್ಲ."

ಆರ್ವೊಗೆ ಕಳೆದ ಫೆಬ್ರವರಿಯ ಒಂದು ಮಧ್ಯಾಹ್ನ ನೆನಪಾಯಿತು. ಅಡುಗೆಮನೆಯ ಕಿಟಕಿಯ ಮೇಲೆ ಅಪ್ಪನ ಮೀನು ತೂಗುತ್ತಿತ್ತು. ಫಿನ್‌ಲೆಂಡಿನಿಂದ ಬಂದ ಮೊದಲ ವರ್ಷ ಅಪ್ಪ ಚಾಕುವಿನಲ್ಲಿ ಕೆತ್ತಿ, ತಾನೇ ಬಣ್ಣ ಬಳಿದು, ಕೊನೆಯ ವರ್ಷದವರೆಗೂ ನೀರಿಗಿಳಿಸಿದ್ದು. ಅದನ್ನು ಯಾರೂ ಬದಲಿಸಿ ತಂದುಕೊಟ್ಟಿರಲಿಲ್ಲ. ಎಲ್ಮಾ ಪೇಟೆಗೆ ಹೋಗಿದ್ದಾಗ ಅವನೇ ಕುರ್ಚಿ ಹತ್ತಿ ಇಳಿಸಿಕೊಂಡಿದ್ದ. ಅವಳು ಬರುವುದರೊಳಗೆ ಬಣ್ಣ ಹಚ್ಚಿ, ಒಣಗಿಸಿ, ಮತ್ತೆ ಮೊಳೆಗೆ ಸಿಕ್ಕಿಸಿದ್ದ.

ಅವನು ತಲೆಯೆತ್ತಿದಾಗ ವೆಂಡೆಲ್ ಎಲ್ಮಾಳನ್ನು ನೋಡುತ್ತಿದ್ದ. ಅವಳು ಆಗಲೇ ಬಾಗಿಲು ದಾಟಿದ್ದಳು. ಮೊಣಕಾಲು ನೋವಿಗೆ ಮೆಟ್ಟಿಲನ್ನು ಒಂದೊಂದಾಗಿ ಹತ್ತುವವಳು ಈಗ ಮೆಟ್ಟಿಲ ಕಂಬಿಯನ್ನೂ ಹಿಡಿಯದೆ ಇಳಿದು ಒದ್ದೆ ಅಂಗಳ ದಾಟಿ ಓಡುತ್ತಿದ್ದಳು.

"ಆರ್ವೊ, ಕೂತ್ಕೋ ಸ್ವಲ್ಪ ಹೊತ್ತು," ಎಂದ ವೆಂಡೆಲ್.

ಆರ್ವೊ ಕೂರಲಿಲ್ಲ. ಹೊಸ ಕಣ್ಣಿಗೆ ಮೆಟ್ಟಿಲಿನ ಆಳ ಇನ್ನೂ ಸರಿಯಾಗಿ ಸಿಗುತ್ತಿರಲಿಲ್ಲ. ಕಾಲಿನಿಂದ ತಡವರಿಸುತ್ತ ಇಳಿದು, ತಡವರಿಸುತ್ತ ಹತ್ತಿ, ಅಡುಗೆಮನೆಯ ಬಾಗಿಲು ತಳ್ಳಿದ.

ಎಲ್ಮಾ ಅವನಿಗೆ ಬೆನ್ನು ಮಾಡಿ ಒಲೆಯ ಮುಂದೆ ನಿಂತಿದ್ದಳು. ಉಸಿರು ಜೋರಾಗಿ ಆಡುತ್ತಿತ್ತು. ಎಡಗೈಯಿಂದ ಪಾತ್ರೆ ಒರೆಸಲು ಒದ್ದಾಡುತ್ತಿದ್ದಳು. ಬಲಗೈ ಏಪ್ರನ್ನಿನ ಉಬ್ಬಿದ ಜೇಬಿನೊಳಗಿತ್ತು.

ಕಿಟಕಿಯ ಮೇಲೆ ಮೊಳೆಯೊಂದೇ ಇತ್ತು. ಅದರ ಕೆಳಗೆ ಗೋಡೆಯಲ್ಲಿ ಒಂದು ಮೀನಿನಷ್ಟು ಜಾಗ ಹೊಗೆ ಹಿಡಿಯದೆ ಬೆಳ್ಳಗೆ ಉಳಿದಿತ್ತು.