ಮೇಣದ ದಾರ

ಬೀದಿಗೆಲ್ಲ ಕನ್ನಡಿಯಮ್ಮ ಎಂದೇ ಪರಿಚಿತಳಾದ ಅವಳಿಗೆ ಒಂದೇ ಒಂದು ಗುಟ್ಟಿತ್ತು. ಮೊಟ್ಟೆಯಾಕಾರದ ಕನ್ನಡಿಗೆ ಹಿತ್ತಾಳೆ ಪಟ್ಟಿ ಕಟ್ಟುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಪಟ್ಟಿ ಎಷ್ಟುದ್ದ ಬೇಕೆಂದು ಲೆಕ್ಕ ಹಾಕಲು ಬರುತ್ತಿರಲಿಲ್ಲ. ಗಿರಾಕಿಯ ಎದುರು ಪೆನ್ಸಿಲ್ ಹಿಡಿದು, ಮಗಳು ಹುಟ್ಟಿದ ತಾರೀಕನ್ನು ತನ್ನ ಚಪ್ಪಲಿಯ ಅಳತೆಯಿಂದ ಗುಣಿಸಿ, ಗಂಭೀರವಾಗಿ ತಲೆಯಾಡಿಸುತ್ತಿದ್ದಳು. ಗಿರಾಕಿ ಮೆಟ್ಟಿಲಿಳಿದ ಮೇಲೆ ಡಬ್ಬಿಯಿಂದ ಮೇಣ ಸವರಿದ ದಾರ ತೆಗೆದು ಕನ್ನಡಿಯ ಅಂಚಿಗೆ ಸುತ್ತಿ, ಆ ಉದ್ದಕ್ಕೆ ಪಟ್ಟಿ ಕತ್ತರಿಸುತ್ತಿದ್ದಳು. ಓದಿದವರಿಗೆ ಇದಕ್ಕೊಂದು ಸೂತ್ರ ಗೊತ್ತಿರುತ್ತದೆ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ತಪ್ಪಿಗೆ ತಾನು ಹೀಗೆ ಕದ್ದುಮುಚ್ಚಿ ಅಳೆಯಬೇಕಾಗಿದೆ ಎಂಬ ನಾಚಿಕೆ ಮೂವತ್ತು ವರ್ಷದಿಂದ ಅವಳನ್ನು ಕೊರೆಯುತ್ತಿತ್ತು.

ಹೊಸ ಹೋಟೆಲಿನ ಇಂಜಿನಿಯರು ನಲವತ್ತು ಕನ್ನಡಿಯ ಕೆಲಸ ತಂದಿದ್ದ. ಒಂದೊಂದೂ ನೂರು ಸೆಂಟಿಮೀಟರ್ ಎತ್ತರ, ಅರವತ್ತು ಅಗಲ. ಪಟ್ಟಿಯ ಉದ್ದವನ್ನೂ ತಾನೇ ಚೀಟಿಯಲ್ಲಿ ಬರೆದುಕೊಟ್ಟಿದ್ದ: ಇನ್ನೂರ ಐವತ್ತೊಂದು. ಮೊದಲನೆಯದು ಒಪ್ಪಿಗೆಯಾದರೆ ಉಳಿದವೂ ಅವಳಿಗೇ. ಓದಿದವರ ಲೆಕ್ಕ ಕೊನೆಗೂ ಕೈಗೆ ಸಿಕ್ಕಿತೆಂದು ಅವಳು ಅಂದು ದಾರವನ್ನು ಮುಟ್ಟಲೇ ಇಲ್ಲ. ಚೀಟಿಯಂತೆಯೇ ಕತ್ತರಿಸಿದಳು. ಪಟ್ಟಿಯ ಎರಡು ತುದಿಗಳ ನಡುವೆ ಎರಡು ಬೆರಳಗಲದ ಸಂದು ಬಾಯಿಬಿಟ್ಟುಕೊಂಡಿತು. ಹನ್ನೊಂದು ಗಂಟೆಗೆ ಇಂಜಿನಿಯರು ಬರುವವನಿದ್ದ.

ರಜೆಗೆ ಬಂದಿದ್ದ ಮಗಳು ಗಣಿತದ ವಿದ್ಯಾರ್ಥಿನಿ. ಚೀಟಿ ನೋಡಿ ನಕ್ಕಳು.

"ಎತ್ತರ, ಅಗಲ ಎರಡರ ಸರಾಸರಿ ತಗೊಂಡು, ದುಂಡಗಿದೆ ಅಂತ ಲೆಕ್ಕ ಹಾಕಿದ್ದಾರಮ್ಮ. ಇದು ದುಂಡಗಿಲ್ವಲ್ಲ."

"ಹಾಗಾದ್ರೆ ಸರಿಯಾದ ಸೂತ್ರ ಹೇಳೇ. ಅವರು ಬರೋಷ್ಟರಲ್ಲಿ ಬಾಯಿಪಾಠ ಮಾಡ್ಕೋತೀನಿ."

"ಇಲ್ಲಮ್ಮ."

"ನನ್ನ ತಲೆಗೆ ಹತ್ತಲ್ಲ ಅಂತಾನಾ?"

"ಅಯ್ಯೋ, ಸೂತ್ರಾನೇ ಇಲ್ಲ! ಈ ಅಂಚಿನ ಉದ್ದ ಒಂದು ಅನುಕಲನ. ಚೂರುಚೂರಾಗಿ ಮಾಡಿ ಕೂಡಿಸ್ತಾ ಹೋದ್ರೆ ಬೇಕಾದಷ್ಟು ಹತ್ತಿರ ಹೋಗಬಹುದು. ಆದ್ರೆ ಗುಣಾಕಾರ, ವರ್ಗಮೂಲ, ಸೈನು, ಲಾಗು ಅಂತ ಶಾಲೇಲಿ ಕಲಿಯೋದನ್ನೆಲ್ಲ ಹೇಗೇ ಜೋಡಿಸಿದ್ರೂ ಒಂದು ಸೂತ್ರ ಅಂತ ಬರೆಯೋಕಾಗಲ್ಲ."

"ಇನ್ನೂ ಯಾರಿಗೂ ಸಿಕ್ಕಿಲ್ವೇನೋ."

"ಸಿಕ್ಕಿಲ್ಲ ಅಂತಲ್ಲಮ್ಮ. ಸಿಗೋದೇ ಇಲ್ಲ ಅಂತ ಸಾಧಿಸಿ ತೋರಿಸಿದ್ದಾರೆ. ನಮ್ಮ ಮೇಷ್ಟ್ರು ಮೂರು ದಿನ ಬೋರ್ಡ್ ತುಂಬಾ ಬರೆದ್ರು."

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ಇಲ್ಲದ ಸೂತ್ರಕ್ಕೆ ಮೂವತ್ತು ವರ್ಷ ನಾಚಿಕೊಂಡಿದ್ದೆನಲ್ಲ ಎಂದು ನಗು ಬಂತು, ಕಣ್ಣೂ ಒದ್ದೆಯಾಯಿತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಇಂಜಿನಿಯರು ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಗಿಡ್ಡ ಪಟ್ಟಿಯನ್ನು ನೋಡಿ ಹುಬ್ಬೇರಿಸಿದ.

"ನಾನು ಕೊಟ್ಟ ಲೆಕ್ಕ ಸರಿಯಾಗೇ ಇದೆ. ನೀವೇ ಕತ್ತರಿಸೋದ್ರಲ್ಲಿ ಎಡವಿದ್ದೀರಿ."

"ಅಳೆದು ನೋಡಿ ಸಾರ್," ಎಂದು ಅವಳು ಟೇಪನ್ನು ಅವನ ಕೈಗೇ ಕೊಟ್ಟಳು. ಇನ್ನೂರ ಐವತ್ತೊಂದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಅವನು ಕೆಮ್ಮಿದ.

ಪೆನ್ಸಿಲ್ ಕಿವಿಯ ಮೇಲೆಯೇ ಇತ್ತು. ಅವಳು ಅದನ್ನು ತೆಗೆದು ಪಕ್ಕಕ್ಕಿಟ್ಟಳು. ಗಿರಾಕಿಯ ಕಣ್ಣೆದುರೇ, ಜೀವನದಲ್ಲಿ ಮೊದಲ ಸಲ, ಡಬ್ಬಿಯ ಮುಚ್ಚಳ ತೆರೆದು ದಾರ ತೆಗೆದಳು. ಕನ್ನಡಿಯ ಸುತ್ತ ನಿಧಾನವಾಗಿ ಕೂರಿಸಿ, ಹೆಬ್ಬೆರಳಲ್ಲಿ ಗುರುತು ಹಿಡಿದು, ಹೊಸ ಪಟ್ಟಿ ಕತ್ತರಿಸಿ ಬಾಗಿಸಿದಳು. ತುದಿಗೆ ತುದಿ ಕೂಡಿತು. ಇಂಜಿನಿಯರು ಉಗುರು ತೂರಿಸಲು ನೋಡಿದ, ಆಗಲಿಲ್ಲ.

"ಯಾವ ಸೂತ್ರ ಇದು?" ಅವನ ದನಿ ಮೆತ್ತಗಾಗಿತ್ತು.

"ಇದಕ್ಕೆ ಸೂತ್ರ ಇಲ್ಲ ಸಾರ್. ನನಗೆ ಬರಲ್ಲ ಅಂತಲ್ಲ, ಯಾರಿಗೂ ಬರಲ್ಲ. ಹಾಗಂತ ಸಾಧಿಸಿದ್ದಾರೆ. ಅನುಮಾನ ಇದ್ರೆ ನನ್ನ ಮಗಳನ್ನ ಕೇಳಿ, ಮೂರು ದಿನ ಕೂತು ವಿವರಿಸ್ತಾಳೆ."

ಇಂಜಿನಿಯರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಉಳಿದ ಮೂವತ್ತೊಂಬತ್ತನ್ನೂ ಒಪ್ಪಿಸಿ ಹೊರಟ. ಅವಳು ದಾರವನ್ನು ಮತ್ತೆ ಡಬ್ಬಿಗೆ ಹಾಕಲಿಲ್ಲ. ಬಾಗಿಲಿನ ಎದುರಿಗೆ, ಬರುವವರಿಗೆಲ್ಲ ಮೊದಲು ಕಾಣುವಂತೆ, ಒಂದು ಮೊಳೆ ಹೊಡೆದು ತೂಗುಹಾಕಿದಳು.